ಮೀಸೆ ಬಂದ ಮಕ್ಕಳ ಬಗ್ಗೆ ಮೊದಲ ಅನಿಸಿಕೆ

೧೯೭೯ನೇ ಇಸವಿಯ ಆಗಸ್ಟ್ ತಿಂಗಳಲ್ಲಿ ಹುತ್ತೂರು ಸೀಮೆಯಲ್ಲಿ ಮಕ್ಕಳ ತಾತ್ಕಾಲಿಕ ಅಭಾವ ಉಂಟಾಗಿತ್ತೆಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಮಕ್ಕಳು ಎಲ್ಲಿಗೂ ಹೋಗಿರಲಿಲ್ಲ. ರೇಷ್ಮೆಹುಳು ನಾಲ್ಕನೇ ಜ್ವರದಿಂದ ಎದ್ದಿತ್ತು, ಅಷ್ಟೆ. ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವುದಕ್ಕೆ ಅಲ್ಲಿ ಜ್ವರವೆನ್ನುತ್ತಾರೆ. ನಾಲ್ಕನೆಯದು ಮುಗಿಸಿ ಎದ್ದ ಹುಳು ಗೂಡು ಕಟ್ಟುವ ತನಕ ಬಿಡದೆ ಮೇಯುತ್ತದೆ. ಆಗ ಸೊಪ್ಪು ಹೊರುವುದಕ್ಕೆ ಐದು ವರ್ಷದ ಕೈಯೂ ಕೈಯೇ.

ಡೆನ್ಮಾರ್ಕಿನ ಬಿರ್ಗಿಟ್ ಎಂಬ ಇಪ್ಪತ್ತೆರಡರ ಹುಡುಗಿ ಮಕ್ಕಳ ಸೇವೆಗೆಂದು ಬಂದಿಳಿದದ್ದು ಇಂಥ ಹೊತ್ತಿನಲ್ಲಿ. ಬೆಂಗಳೂರಿನಲ್ಲಿ ಮೂರು ತಿಂಗಳು ಕೂತು ಕನ್ನಡ ಕಲಿತಿದ್ದಳು. ಮಕ್ಕಳ ನಡುವೆ ಕೂತು ಹಾಡಬೇಕೆಂಬುದು ಅವಳ ಒಂದೇ ಆಸೆ. ಬಾಲವಾಡಿಯಲ್ಲಿ ಟೀಚರ್ ಆದಿಲಕ್ಷ್ಮಮ್ಮ ಮಾತ್ರ ಇದ್ದರು, ಗೂಡು ಕಟ್ಟಲು ಹುಳು ಬಿಡುವ ಬಿದಿರಿನ ಚಂದ್ರಿಕೆ ರಿಪೇರಿ ಮಾಡುತ್ತಿದ್ದರು.

"ಮಕ್ಕಳು ಎಲ್ಲಿದ್ದಾರೆ?"

"ಹುಳದ ಮನೇಲವ್ರೆ, ದೊರೆಸಾನಮ್ಮ. ಗೂಡು ಬಿಡ್ಸೋದು ಮುಗೀಲಿ, ಎಲ್ಲಾ ಓಡ್ಬರ್ತವೆ. ಇನ್ನೊಂದು ಹದಿನೈದ್ ದಿನ."

"ನಾನು ಅಲ್ಲಿಗೆ ಹೋಗಬಹುದೇ?"

"ಅಯ್ಯಯ್ಯೋ! ಹೊರಗ್ನೋರು ಒಳಕ್ಕೋದ್ರೆ ಹುಳಕ್ಕೆ ರೋಗ ಬರ್ತದೆ. ನನ್ನೇ ಬಿಡಲ್ಲ!"

ಹದಿನೈದು ದಿನ ಕಾಯಬಹುದಿತ್ತು. ಆದರೆ ಅವಳನ್ನು ಕರೆಸಿಕೊಂಡ, ಡೆನ್ಮಾರ್ಕಿನ ಹಣ ಮತ್ತು ಹಾಲಿನಪುಡಿಯಲ್ಲಿ ನಡೆಯುವ ಬಾಲಸ್ನೇಹ ಯೋಜನೆಗೆ ಹದಿನಾಲ್ಕನೇ ನಿಯಮವೊಂದಿತ್ತು. ವಿದೇಶಿ ಸ್ವಯಂಸೇವಕರು ಬಂದ ಹತ್ತು ದಿನದೊಳಗೆ ಇಪ್ಪತ್ತೈದು ಮಕ್ಕಳೊಂದಿಗೆ ಬೆರೆತು 'ಮೊದಲ ಅನಿಸಿಕೆ' ಬರೆದು ಕಳಿಸತಕ್ಕದ್ದು. ತಪ್ಪಿದರೆ ಅವರು ಮುಂದಿನ ವಿಮಾನದಲ್ಲಿ ವಾಪಸು, ಬಾಲವಾಡಿಗೆ ಬೀಗ. ಆ ಒಂದು ಬಾಲವಾಡಿಯನ್ನು ನೋಡಿಕೊಳ್ಳಲು ಕೋಲಾರದಲ್ಲಿ ಇಪ್ಪತ್ತಾರು ಮಂದಿಯ ಕಚೇರಿಯಿತ್ತು. ಬಿರ್ಗಿಟ್ ಬಸ್ಸು ಹತ್ತಿ ಅಲ್ಲಿನ ಅಧಿಕಾರಿ ಕೋದಂಡರಾಮಪ್ಪನವರ ಮುಂದೆ ನಿಂತಳು.

"ದಯವಿಟ್ಟು ಐದು ದಿನ ಹೆಚ್ಚು ಕೊಡಿ."

"ನೋಡೀಮ್ಮಾ, ತಡವಾದ್ರೆ ಅದು ಎರಡನೇ ಅನಿಸಿಕೆ ಆಗೋಗ್ತದೆ. ಅದಕ್ಕೆ ನಮ್ಮತ್ರ ಫಾರಂ ಇಲ್ಲ."

ಆದರೆ ಅವರು ಕಲ್ಲುಹೃದಯದವರಲ್ಲ. ನಿಯಮಾವಳಿಯನ್ನು ಆಮೂಲಾಗ್ರವಾಗಿ ಓದಿದರು. ಮಗು ಎಂದರೆ ಹಾಜರಿ ಪುಸ್ತಕದಲ್ಲಿ ಹೆಸರಿರುವ ವ್ಯಕ್ತಿ ಎಂದಿತ್ತು. ವಯಸ್ಸಿನ ಮಾತೇ ಇರಲಿಲ್ಲ. ಸಂಜೆಯೊಳಗೆ ಪ್ರಕಟಣೆ ಹೊರಬಿತ್ತು:

"ಮೂರು ದಿನ ಸತತ ಗೈರುಹಾಜರಾದ ಮಕ್ಕಳ ಹೆಸರುಗಳನ್ನು ರದ್ದುಪಡಿಸಿ, ತೆರವಾದ ಸ್ಥಾನಗಳಿಗೆ ಈ ಕಚೇರಿಯ ಇಪ್ಪತ್ತೈದು ಮಂದಿ ಸಿಬ್ಬಂದಿಯನ್ನು ಮಕ್ಕಳನ್ನಾಗಿ ನಿಯೋಜಿಸಲಾಗಿದೆ. ಸದರಿಯವರು ಹಾಲು, ಬಿಸ್ಕತ್ತು ಹಾಗೂ ಮಧ್ಯಾಹ್ನದ ನಿದ್ದೆಗೆ ಅರ್ಹರು. ಅಳುವುದಕ್ಕೆ ಮೇಲಧಿಕಾರಿಯ ಪೂರ್ವಾನುಮತಿ ಅಗತ್ಯ."

ಮರುದಿನ ಇಪ್ಪತ್ತೈದು ಮಕ್ಕಳೂ ಹತ್ತೂವರೆಗೆ ಸರಿಯಾಗಿ ಹಾಜರಾದರು. ನಿವೃತ್ತಿಗೆ ಏಳು ತಿಂಗಳಿದ್ದ ಹೆಡ್ ಕ್ಲಾರ್ಕ್ ಶ್ರೀನಿವಾಸಪ್ಪ ಮುಂದಿನ ಸಾಲಿನಲ್ಲಿ ಚಕ್ಕಂಬಕ್ಕಲ ಹಾಕಿ ಕೂತರು. ಬಿರ್ಗಿಟ್ ಹಾಡಿದಳು, ಅವರು ಕೈ ಆಡಿಸಿ ಹಾಡಿದರು. ಹಾಲಿನ ಲೋಟದಲ್ಲಿ ತೊಟ್ಟೂ ಉಳಿಯಲಿಲ್ಲ. ಅಕೌಂಟೆಂಟು ತನ್ನ ಬಿಸ್ಕತ್ತು ಕಿತ್ತುಕೊಂಡನೆಂದು ಶ್ರೀನಿವಾಸಪ್ಪ ದೂರು ಕೊಟ್ಟರು. ವಿಚಾರಣಾ ಸಮಿತಿ ರಚನೆಯಾಯಿತು.

ಬಿರ್ಗಿಟ್ ನಾಚಿಕೆಯಿಂದ ಹಾಡು ನಿಲ್ಲಿಸಿದಳು.

"ಇವರು ಮಕ್ಕಳಲ್ಲ," ಎಂದಳು, ತಪಾಸಣೆಗೆ ಬಂದ ಕೋದಂಡರಾಮಪ್ಪನವರಿಗೆ.

"ನೀವು ಹೊಸಬರಮ್ಮ. ಮೊದಮೊದಲು ಎಲ್ರಿಗೂ ಹಂಗೇ ಅನ್ಸತ್ತೆ."

ಹತ್ತನೇ ದಿನ ಬಂತು. ಬರೆಯದಿದ್ದರೆ ಊರಿನ ಮಕ್ಕಳ ಮುಖವನ್ನೂ ನೋಡದೆ ಹೊರಡಬೇಕು. ಬರೆದು ಉಳಿದರೆ ಅವರು ಬಂದೇ ಬರುತ್ತಾರೆ. ಹೀಗೆ ಲೆಕ್ಕ ಹಾಕಿ, ಒಂದೂ ಸುಳ್ಳು ಬೆರೆಸದೆ ಬರೆದಳು: "ಇಲ್ಲಿನ ಮಕ್ಕಳು ಶಾಂತ ಸ್ವಭಾವದವರು. ತಿನ್ನುವುದರಲ್ಲಿ ಚುರುಕು. ಎತ್ತರ ನಿರೀಕ್ಷೆಗಿಂತ ಹೆಚ್ಚು. ಹಲವರಿಗೆ ಮೀಸೆಯಿದೆ. ಒಂದು ಮಗು ಬರುವ ಮಾರ್ಚಿನಲ್ಲಿ ನಿವೃತ್ತಿಯಾಗಲಿದೆ."

ಕಚೇರಿ ಅದನ್ನು ತಂತಿಯಲ್ಲೇ ಕಳಿಸಿತು. ಎರಡು ದಿನಕ್ಕೆ ಡೆನ್ಮಾರ್ಕಿನಿಂದ ಮರುತಂತಿ ಬಂತು. ಹಾಲಿನಪುಡಿಯ ಪರಿಣಾಮ ಕಂಡು ಅಲ್ಲಿನವರಿಗೆ ಪರಮಾನಂದವಾಗಿತ್ತು. ಯೋಜನೆಯನ್ನು ಮೂರು ವರ್ಷ ಮುಂದುವರಿಸಿದ್ದರು. ಬೆಳವಣಿಗೆಯ ಅಧ್ಯಯನಕ್ಕಾಗಿ ಇದೇ ಮಕ್ಕಳನ್ನು ಬದಲಿಸದೆ ಉಳಿಸಿಕೊಳ್ಳಬೇಕೆಂದು ಕೋರಿದ್ದರು.

ಮೂರು ದಿನಕ್ಕೆ ಗೂಡು ಬಿಡಿಸುವುದು ಮುಗಿಯಿತು. ಊರಿನ ಮಕ್ಕಳು ಸೊಪ್ಪಿನ ಕರೆ ಹತ್ತಿದ ಕೈಗಳಲ್ಲೇ ಓಡಿಬಂದರು. ಆದಿಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ಗೋಗರೆದರು. "ಇವೇ ಸಾರ್ ನಮ್ಮ ಮಕ್ಳು! ಒಳಕ್ಕೆ ಬಿಡಿ ಸಾರ್!"

ಅಂದೂ ತಪಾಸಣೆಗೆ ಬಂದಿದ್ದ ಕೋದಂಡರಾಮಪ್ಪ ಕಡತ ತಿರುವಿದರು. "ಹಾಜರಿ ಪುಸ್ತಕದಲ್ಲಿ ಜಾಗ ಇಲ್ಲಮ್ಮ. ಇವರು ಸಾರ್ವಜನಿಕರು. ಸಾರ್ವಜನಿಕರ ಭೇಟಿ ಮೂರರಿಂದ ನಾಲ್ಕು, ಅರ್ಜಿ ಸಮೇತ."

ಅರ್ಜಿ ತೆಗೆದುಕೊಳ್ಳಲು ಬಾಗಿಲ ಬಳಿ ಬಿರ್ಗಿಟ್‌ಗೆ ಕುರ್ಚಿ ಹಾಕಿಸಿದರು. ಮೂರು ಗಂಟೆಗೆ ಊರಿನ ಮಕ್ಕಳು ಸಾಲು ನಿಂತರು. ಮೊದಲಿದ್ದ ಮುನಿಯಲ್ಲಮ್ಮನೆಂಬ ಐದು ವರ್ಷದ ಹುಡುಗಿ ಬಂದು ಅವಳ ಮಂಡಿ ಹಿಡಿದಳು.

"ಅಕ್ಕಾ, ನಂಗೂ ಹಾಡು ಹೇಳ್ಕೊಡು."

ಬಿರ್ಗಿಟ್ ಕುರ್ಚಿಯಿಂದ ಮುಂದಕ್ಕೆ ಬಾಗಿದಳು. ಇದಕ್ಕಾಗಿಯೇ ಅಲ್ಲವೇ ಸಮುದ್ರ ದಾಟಿ ಬಂದದ್ದು? ಬಾಯಿ ತೆರೆದಳು. ಒಳಗಿನಿಂದ ಶ್ರೀನಿವಾಸಪ್ಪನವರ ದನಿ ಬಂತು: "ಮಿಸ್, ಗಲಾಟೆ ಮಾಡಿಸ್ಬೇಡಿ. ನಿದ್ದೆ ಪೀರಿಯಡ್ಡು!"

ಬಿರ್ಗಿಟ್ ದನಿ ತಗ್ಗಿಸಿದಳು. ಮಗುವಿನ ಕೆನ್ನೆ ಸವರಿ, ತುಂಬಾ ಪ್ರೀತಿಯಿಂದ ಕೇಳಿದಳು:

"ಅರ್ಜಿ ತಂದಿದ್ದೀಯಾ, ಪುಟ್ಟಾ?"

ಮುನಿಯಲ್ಲಮ್ಮ ಇಲ್ಲವೆಂದು ತಲೆಯಾಡಿಸಿ, ಸಾಲಿನ ಕೊನೆಗೆ ಹೋಗಿ ನಿಂತಳು.