ಕೊಂಡೋರ್‌ಗೆ ಬಿಯರ್ ಅಭಿಷೇಕ

"ಇವತ್ತು ನನ್ನ ಕೊಂಡೋರ್‌ನ ಯಾರಾದ್ರೂ ತಳ್ಳಿದ್ದು ಕಂಡ್ರೆ, ನಾಳೆಯೇ ಅದನ್ನ ಮಾರಿ ನಿನ್ನ ಕತ್ತೆ ವಾಪಸ್ ತರ್ತೀನಿ!"

ಎವರಿಸ್ತೋ ಹೀಗೆ ಘೋಷಿಸಿದ್ದು ಬತಾಲ್ಯಾಸ್ ಊರಿನ ನಡುಬೀದಿಯಲ್ಲಿ, ನೆರೆಹೊರೆಯವರೆಲ್ಲ ಕೇಳುವಂತೆ. ಕೊಂಡೋರ್ ಎಂದರೆ ಅವನ ಎಸ್‌ಯುವಿ. ಆಂಡೀಸ್ ಬೆಟ್ಟಗಳ ಮೇಲೆ ತೇಲುವ ಮಹಾಹದ್ದಿನ ಹೆಸರು! ಹೆಂಡತಿ ಹಿಲಾರಿಯಾ ಮಾತ್ರ ಅದನ್ನು 'ಕಾವಿಗೆ ಕೂತ ಕೋಳಿ' ಎನ್ನುತ್ತಿದ್ದಳು, ಯಾರಾದರೂ ತಳ್ಳದೆ ಕೂತಲ್ಲಿಂದ ಏಳುವುದಿಲ್ಲವಲ್ಲ! ಅವಳ ಚೀಸನ್ನು ಸಂತೆಗೆ ಹೊರುತ್ತಿದ್ದ ಕತ್ತೆಯನ್ನು ಎವರಿಸ್ತೋ ಗಾಡಿ ಬಂದ ಜೋರಿನಲ್ಲಿ ಮಾರಿಬಿಟ್ಟಿದ್ದ. ಅಂದಿನಿಂದ ಆ ಹೊರೆಯೆಲ್ಲ ಅವಳ ಬೆನ್ನಿಗೇ ಬಿದ್ದಿತ್ತು.

ಗಾಡಿಯ ಈ ರೋಗಕ್ಕೆ ಎವರಿಸ್ತೋ ಕಂಡ ಮದ್ದು ಒಂದೇ: ಸರೋವರದಾಚೆಯ ಕೋಪಕಬಾನಾ ಮಾತೆಯ ಚರ್ಚಿನ ಮುಂದೆ ಗಾಡಿಗೆ ಆಶೀರ್ವಾದ ಮಾಡಿಸುವುದು. ಗಾಡಿ ಸಿಕ್ಕಿದ್ದೂ ಆ ತಾಯಿಯ ಕೃಪೆಯಿಂದಲೇ! ಅಲ್ಲಿನ ಬೆಟ್ಟದ ಮೇಲೆ ಜನ ತಮಗೆ ಬೇಕಾದದ್ದರ ಪುಟ್ಟ ಗೊಂಬೆ ಕೊಂಡು ಹರಸಿಸಿಕೊಳ್ಳುತ್ತಾರೆ; ವರ್ಷದೊಳಗೆ ಅಸಲಿಯೇ ಕೈಸೇರುತ್ತದಂತೆ. ಹೋದ ವರ್ಷ ಎವರಿಸ್ತೋ ಚೌಕಾಸಿ ಮಾಡಿ ಕೊಂಡ ಅಂಗೈಯಗಲದ ಗಾಡಿ ಈಗ ಕೊಂಡೋರ್‌ನ ಕನ್ನಡಿಗೆ ನೇತಾಡುತ್ತಿತ್ತು.

ತಿಕಿನಾದಲ್ಲಿ ಸರೋವರ ದಾಟಬೇಕು. ಗಾಡಿ ಹಲಗೆಯ ತೆಪ್ಪದಲ್ಲಿ, ಹಿಲಾರಿಯಾ ದೋಣಿಯಲ್ಲಿ. ಆಚೆ ದಡ ಮುಟ್ಟುತ್ತಲೇ ಕೊಂಡೋರ್ ಕೆಮ್ಮಿ ಸುಮ್ಮನಾಯಿತು. ತೆಪ್ಪದವರು ತಳ್ಳಲು ತೋಳೇರಿಸಿ ಬಂದರು.

"ಯಾರೂ ಮುಟ್ಟಬೇಡಿ!" ಎವರಿಸ್ತೋ ಗಾಡಿಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತ.

"ಹಿಂದಿನ ತೆಪ್ಪದಲ್ಲಿ ಬಸ್ಸು ಕಾಯ್ತಿದೆ, ಯಜಮಾನ್ರೇ!"

"ಕಾಯಲಿ! ಕೊಂಡೋರ್ ಉಸಿರು ತಗೊಳ್ತಿದೆ!"

ತೆಪ್ಪದವರ ಬೈಗುಳ ಮುಗಿಯುವ ಹೊತ್ತಿಗೆ ಗಾಡಿ ಹೇಗೋ ಗುರುಗುಟ್ಟಿ ಹೊರಟಿತು.

ಚರ್ಚಿನ ಮುಂದೆ ಹೂಹಾರ ತೊಟ್ಟ ಗಾಡಿಗಳ ಸಾಲು. ಕೊಂಡೋರ್ ಕೂಡ ಮದುಮಗನ ಹಾಗೆ ಸಿಂಗರಿಸಿಕೊಂಡು, ತನ್ನ ಚಕ್ರದ ಮೇಲೇ ಬಂದು ನಿಂತಿತು! ಕತ್ತೆಯ ಆಸೆ ಬಿಟ್ಟ ಹಿಲಾರಿಯಾಳ ಮುಖ ಸಪ್ಪಗಾಯಿತು. ಪಾದ್ರಿಗಳು ತೀರ್ಥ ಚಿಮುಕಿಸಿದರು. ಪಟಾಕಿ ಸಿಡಿಯಿತು. ಅಲ್ಲಿನ ಪದ್ಧತಿಯಂತೆ ಎವರಿಸ್ತೋ ಬಾಟಲಿ ಅಲ್ಲಾಡಿಸಿ ಗಾಡಿಯ ಮೇಲೆ ಬಿಯರ್ ಸುರಿದ. ಮತ್ತೆ ಸುರಿದ.

"ಸಾಕು ರೀ, ಬಾನೆಟ್ ಸಂದಿಗೆಲ್ಲ ಇಳೀತಿದೆ!"

"ಕುಡೀಲಿ ಬಿಡೇ, ಗೆದ್ದು ಬಂದಿದೆ!"

ಕುಡಿದದ್ದು ಹೆಚ್ಚಾಯಿತು. ಕೀಲಿ ತಿರುಗಿಸಿದರೆ ಕೊಂಡೋರ್‌ನಿಂದ ಒಂದು ತೇಗು ಕೂಡ ಇಲ್ಲ! ಹಿಂದಿನವರ ಹಾರನ್ ತಾಳಲಾರದೆ ಪಾದ್ರಿಗಳೇ ನಿಲುವಂಗಿ ಎತ್ತಿಕಟ್ಟಿ, ಹೆಗಲು ಕೊಟ್ಟರು.

"ಇದು ತಳ್ಳಿದ್ದಲ್ಲ ಕಣೇ!" ಎವರಿಸ್ತೋ ಕಿಟಕಿಯಿಂದ ಕೂಗಿದ. "ಆಶೀರ್ವಾದ ಸ್ವಲ್ಪ ಜೋರಾಗಿ ಕೊಟ್ರು, ಅಷ್ಟೇ!"

"ಇಲ್ಲಪ್ಪಾ," ಪಾದ್ರಿಗಳು ಏದುಸಿರು ಬಿಟ್ಟರು, "ತಳ್ಳಿದೆ."

ಹಿಲಾರಿಯಾ ಕನ್ನಡಿಗೆ ನೇತಾಡುತ್ತಿದ್ದ ಗೊಂಬೆಗಾಡಿ ಬಿಚ್ಚಿ ತಲೆಕೆಳಗು ಹಿಡಿದಳು. ಹೊಟ್ಟೆಯೆಲ್ಲ ಟೊಳ್ಳು.

"ತಾಯಿನ ದೂರೋ ಹಾಗಿಲ್ಲ ರೀ. ನೀವು ಕೇಳಿದ್ದನ್ನೇ ಕೊಟ್ಟಿದ್ದಾಳೆ. ಇದರಲ್ಲಿ ಇಂಜಿನ್ ಎಲ್ಲಿತ್ತು?"

ಎವರಿಸ್ತೋ ತೆಪ್ಪಗೆ ಬೆಟ್ಟ ಹತ್ತಿ, ಗೊಂಬೆ ಅಂಗಡಿಯಲ್ಲಿ ಒಂದು ಕತ್ತೆ ಎತ್ತಿಕೊಂಡ. ಈ ಸಲ ಮೋಸ ಹೋಗುವವನಲ್ಲ! ಬೋರಲು ಹಾಕಿ, ಒಂದೊಂದೇ ಕಾಲು ಅಲ್ಲಾಡಿಸಿ, ಹೊಟ್ಟೆ ತಟ್ಟಿ ನೋಡಿದ.

"ಇದನ್ನ ತಳ್ಳಬೇಕಾಗಲ್ಲ ತಾನೇ?"

"ಒಮ್ಮೊಮ್ಮೆ ತಳ್ಳಬೇಕಾಗುತ್ತೆ ರೀ," ಎಂದಳು ಹಿಂದೆಯೇ ಬಂದಿದ್ದ ಹಿಲಾರಿಯಾ. "ಆದ್ರೆ ಅದಕ್ಕೆ ಪಾದ್ರಿಗಳು ಬೇಡ. ನೀವೊಬ್ರೇ ಸಾಕು."