ಒಮ್ಮೆಯೂ ಕೇಳದ ಓಣಿಯ ದಾವೆಯನ್ನು ಎರಡನೆಯ ಸಲ ಕೇಳಬಾರದೆಂಬ ಬಗ್ಗೆ

ಇಂದ:
ಹಿಂದಿನ ಮನೆಯ ಬಡಗಿ
(ಮುಂದಿನ ಮನೆಯವನ ಒಡಹುಟ್ಟಿದ ಅಣ್ಣ)

ಗೆ:
ಮಾನ್ಯ ನ್ಯಾಯಾಧೀಶರು,
ಸರಿಯಾದ ನ್ಯಾಯಾಲಯ
(ಈ ಸಲ ಇಬ್ಬರು ವಕೀಲರನ್ನು ಕೇಳಿ ಖಚಿತಪಡಿಸಿಕೊಳ್ಳಲಾಗಿದೆ)

ವಿಷಯ: ವಜಾ ಆದ ದಾವೆಯನ್ನು ಮತ್ತೆ ಸ್ವೀಕರಿಸುವ ಕುರಿತು.

ಉಲ್ಲೇಖ: ಕೆಳಮಹಡಿಯ ನ್ಯಾಯಾಲಯದ ವಜಾ ಆದೇಶ ಹಾಗೂ ಇಲ್ಲಿನ ಗುಮಾಸ್ತರ ಬಾಯಿಮಾತಿನ ಆದೇಶ.

ಮಾನ್ಯರೇ,

ಅರ್ಜಿದಾರನು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಅರ್ಜಿದಾರನ ತಂದೆಯವರು ಹಿಂದಿನ ಮನೆಯನ್ನು ಅರ್ಜಿದಾರನಿಗೂ ಮುಂದಿನದನ್ನು ಅವನ ತಮ್ಮನಿಗೂ ಕೊಟ್ಟು, ಬೀದಿಗೆ ಹೋಗುವ ಓಣಿ ಇಬ್ಬರಿಗೂ ಎಂದು ಹೇಳಿ ಕಣ್ಣುಮುಚ್ಚಿದರು. ಕೇಳಿಸಿಕೊಂಡವರು ತಾಯಿ ಒಬ್ಬರೇ; ಅವರೀಗ ತಮ್ಮನ ಮನೆಯಲ್ಲಿದ್ದಾರೆ. (ಇಲ್ಲಿ ತಮ್ಮ ಎಂದರೆ ತಾವಲ್ಲ, ಒಡಹುಟ್ಟಿದವನು.) ಕಾಗದ ಮಾಡಿಸಲಿಲ್ಲ. ಮಕ್ಕಳ ಮೇಲೆ ಅಷ್ಟು ನಂಬಿಕೆಯಿತ್ತು.

೨. ತಮ್ಮ ಸ್ಕೂಟರ್ ಕೊಂಡ. ಸ್ಕೂಟರಿಗೆ ನೆರಳು ಬೇಕಾಯಿತು, ನೆರಳಿಗೆ ಓಣಿಯ ನಡುವೆ ಗೇಟು ಬೇಕಾಯಿತು, ಗೇಟಿಗೆ ಬೀಗ ಬೇಕಾಯಿತು. ಸದರಿ ಬೀಗದ ಕೀಲಿಕೈ ಅಣ್ಣನಿಗೆ ಮಾತ್ರ ಬೇಡವಾಯಿತು. ಆ ಕಾರಣದಿಂದ ಅರ್ಜಿದಾರನು ಏಣಿ ಇಟ್ಟು ಹಿತ್ತಲ ಗೋಡೆ ಹತ್ತಿಳಿದು ಓಡಾಡುತ್ತಿದ್ದಾನೆ. ಒಬ್ಬ ವಧುವಿಗೆಂದು ಮಾಡಿದ ಬೀರು ಏಣಿ ಹತ್ತಲು ಒಪ್ಪದೆ ಇನ್ನೂ ಅವನ ಮನೆಯಲ್ಲೇ ನಿಂತಿದೆ. ವಧುವಿನ ಮಗು ಈಗ ಶಾಲೆಗೆ ಹೋಗುತ್ತಿದೆ.

೩. ಆದ್ದರಿಂದ ದಾವೆ ಹೂಡಲಾಯಿತು. ವಕೀಲರು ಅದನ್ನು ಕೆಳಮಹಡಿಯಲ್ಲಿ ಹೂಡಿದರು. ಆ ನ್ಯಾಯಾಲಯವು ತಾರೀಖಿನ ಮೇಲೆ ತಾರೀಖು ಕೊಟ್ಟು, ಕಡೆಗೆ ಇದನ್ನು ಕೇಳುವ ಅಧಿಕಾರವೇ ತನಗಿಲ್ಲವೆಂದು ಕಂಡುಕೊಂಡು ವಜಾ ಮಾಡಿತು. ಓಣಿ ಯಾರದೆಂದು ಹೇಳಲಿಲ್ಲ. ತಾಯಿಯನ್ನು ಕರೆಯಲಿಲ್ಲ. ತಾರೀಖು ಕೊಡುವ ಅಧಿಕಾರ ಮಾತ್ರ ಇದ್ದಿರಬೇಕು.

೪. “ಕೋರ್ಟೇ ವಜಾ ಮಾಡಿದ್ಮೇಲೆ ಮುಗೀತಲ್ಲಣ್ಣ, ಓಣಿ ನಂದೇ ಅಂತಾಯ್ತು,” ಎಂದು ತಮ್ಮ ಸ್ಕೂಟರ್ ಒರೆಸುತ್ತ ಹೇಳಿದ. ಹೊಸ ದಾವೆ ತಂದರೆ ಇಲ್ಲಿನ ಗುಮಾಸ್ತರು ಕನ್ನಡಕವನ್ನೂ ಹಾಕಿಕೊಳ್ಳದೆ, “ವಜಾ ಆಗಿದ್ದನ್ನ ಮತ್ತೆ ತರೋ ಹಾಗಿಲ್ಲಪ್ಪ,” ಎಂದರು.

“ಆಗ ಯಾರೂ ಕೇಳಲೇ ಇಲ್ವಲ್ಲ ಸ್ವಾಮಿ.”

“ಕೇಳದಿದ್ರೇನು, ವಜಾ ಆಯ್ತೋ ಇಲ್ವೋ?”

೫. ವಿಚಾರಣೆಯಾಗಿ ತೀರ್ಮಾನಗೊಂಡ ವ್ಯಾಜ್ಯವನ್ನು ಅದೇ ಎದುರಾಳಿಯ ಮೇಲೆ ಮತ್ತೆ ತರಬಾರದೆಂಬ ನಿಯಮಕ್ಕೆ ಅರ್ಜಿದಾರನ ತಕರಾರಿಲ್ಲ. ಅದಿಲ್ಲದಿದ್ದರೆ ಸೋತವರೆಲ್ಲ ದಿನಬೆಳಗಾದರೆ ಹೊಸ ದಾವೆ ತರುತ್ತಿದ್ದರು. ಆದರೆ ಬಾಗಿಲು ತಪ್ಪಿ ಬಂದವನಿಗೆ ‘ಇದಲ್ಲ, ಮೇಲಿನ ಬಾಗಿಲು’ ಎನ್ನುವುದೂ ತೀರ್ಮಾನವಾಗುತ್ತದೆಯೇ ಎಂಬುದನ್ನು ತಾವು ತಿಳಿಸಬೇಕು.

೬. ತುರ್ತಿಗೆ ಕಾರಣ: ತಾಯಿಗೆ ಮರೆವು ಹತ್ತುತ್ತಿದೆ. ಮೊನ್ನೆ ಗೇಟಿನ ಸರಳುಗಳ ನಡುವೆ ಅರ್ಜಿದಾರನ ಕೈ ಹಿಡಿದು, “ಯಾಕಪ್ಪ ಅಲ್ಲೇ ನಿಂತೆ, ಒಳಗೆ ಬಾ,” ಎಂದರು. ಬೀಗ ಮರೆತುಹೋಗಿತ್ತು. ಬೀಗವನ್ನು ತೋರಿಸಿದಾಗ ಬಹಳ ಹೊತ್ತು ನೋಡಿ, “ಇಬ್ರಿಗೂ ಅಂದಿದ್ರಲ್ಲ ನಿಮ್ಮಪ್ಪ. ನಾನೇ ಬಂದು ಹೇಳ್ತೀನಿ ನಡಿ,” ಎಂದರು. ಇಂದು ಬೆಳಿಗ್ಗೆ ತಮ್ಮ ಬೇಡವೆಂದರೂ ಕೇಳದೆ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಆದ್ದರಿಂದ ದಾವೆಯನ್ನು ಸ್ವೀಕರಿಸಿ, ತಾಯಿಯ ಸಾಕ್ಷ್ಯವನ್ನು ಮೊದಲೇ ಬರೆದುಕೊಂಡು, ನಂತರ ಬೇಕಿದ್ದರೆ ವಜಾ ಮಾಡಬೇಕಾಗಿ ಕೋರಿಕೆ.

ಗೋಡೆ ಹತ್ತಿ ಬಂದಿರುವ,
ತಮ್ಮ ವಿಶ್ವಾಸಿ,
ಬಡಗಿ

ಲಗತ್ತುಗಳು:
೧. ವಜಾ ಆದೇಶ, ನಕಲು.
೨. ಅರ್ಜಿದಾರನ ತಾಯಿ, ಮೂಲ. ನಕಲು ಇರುವುದಿಲ್ಲ. ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾರೆ. ಸದ್ಯಕ್ಕೆ ಎಲ್ಲ ನೆನಪಿದೆ. ದಯವಿಟ್ಟು ಊಟದ ವಿರಾಮಕ್ಕೆ ಮುಂಚೆ ಕರೆಯುವುದು.