ಭಾವನ ಕಾರಿಗೆ ನನ್ನ ಮೂಗು

ನನ್ನ ಭಾವನಿಗೆ ಮೂಗಿಲ್ಲ. ಅಂದರೆ ಇದೆ, ಸಾಕಷ್ಟು ಉದ್ದವಾಗಿಯೇ ಇದೆ. ಆದರೆ ಅದು ಈಗ ಕನ್ನಡಕ ಕೂರಿಸುವುದನ್ನು ಬಿಟ್ಟು ಮತ್ಯಾವ ಕೆಲಸಕ್ಕೂ ಬರುವುದಿಲ್ಲ. ಕೊರೋನಾ ಹೋಗುವಾಗ ಅವರಿಗೆ ವಾಸನೆ ತಿಳಿಯುವ ಶಕ್ತಿಯನ್ನೂ ಜೊತೆಗೇ ಕರೆದುಕೊಂಡು ಹೋಯಿತು. ಅಂಥವರ ಬಳಿ ಪೆಟ್ರೋಲ್ ಸೋರುವ ಕಾರೊಂದು ಇರಬೇಕೇ? ಇದೆ! ಅದರ ದೆಸೆಯಿಂದ ನನ್ನ ಭಾನುವಾರಗಳೆಲ್ಲ ಹಾಳಾಗಿವೆ. ಬೆಳಗಾಗುತ್ತಲೇ ಭಾವನ ಫೋನು.

"ಏನಪ್ಪಾ, ಎದ್ಯಾ? ತಿಂಡಿ ಇಲ್ಲೇ ತಿನ್ನುವಂತೆ. ಸ್ವಲ್ಪ ಬಂದು ಮೂಸಿ ಹೋಗು."

ಜೆ.ಪಿ. ನಗರದಿಂದ ಬನಶಂಕರಿಗೆ ಒಬ್ಬ ಗೃಹಸ್ಥ ಬರೀ ಮೂಸುವುದಕ್ಕೆ ಹೋಗುತ್ತಾನೆಂದರೆ ಯಾರಾದರೂ ನಂಬುತ್ತಾರೆಯೇ? ನನ್ನ ಹೆಂಡತಿಯೇ ಮೊದಮೊದಲು ನಂಬಲಿಲ್ಲ.

ಕಾರು ಭಾವನ ತಂದೆಯ ಕಾಲದ್ದು. ಕಾರ್ಬುರೇಟರಿಗೆ ಪೆಟ್ರೋಲ್ ಪೈಪು ಬಂದು ಸೇರುವ ಜಾಗದಲ್ಲಿ ಒಂದು ಬೋಲ್ಟು, ಅದರ ಜೊತೆ ಎರಡು ತಾಮ್ರದ ವಾಷರು. ಸೋರುವುದು ಅಲ್ಲೇ. ಧಾರೆಯೇನಲ್ಲ, ನೆಗಡಿಯಾದ ಮಗುವಿನ ಮೂಗಿನ ಹಾಗೆ ಸದಾ ಒದ್ದೆ. ಭಾವ ಬೆಳಿಗ್ಗೆ ಸಂಜೆ ಅದನ್ನು ಒರೆಸುತ್ತಿದ್ದರು. ಆದರೆ ಪೆಟ್ರೋಲ್ ವಾಸನೆ ಬಡಿದರೆ ಸಾಕು, ನಮ್ಮಕ್ಕನಿಗೆ ಹೊಟ್ಟೆ ತೊಳಸುತ್ತದೆ. ಬೆಂಕಿಯ ಭಯ ಬೇರೆ. ಎರಡು ವರ್ಷದಿಂದ ಆಕೆ ಆ ಕಾರು ಹತ್ತಿಲ್ಲ. ಕಡೆಗೊಂದು ದಿನ ತೀರ್ಪು ಕೊಟ್ಟೇಬಿಟ್ಟಳು.

"ನೋಡ್ರೀ, ಯುಗಾದಿಯೊಳಗೆ ವಾಸನೆ ನಿಲ್ಲಬೇಕು. ಇಲ್ಲಾಂದ್ರೆ ಕಾರು ಅಂಜನಾಪುರಕ್ಕೆ!"

ಅಂಜನಾಪುರದಲ್ಲಿ ಒಬ್ಬರು ಅದನ್ನು ಕೊಳ್ಳಲು ಕಾದು ಕೂತಿದ್ದರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಕಲ್ಯಾಣಮಂಟಪ ಕಟ್ಟಿಸಿರುವವರು. "ಓಡೋದೇನೂ ಬೇಡ ಸಾರ್. ಬಾಗ್ಲಲ್ಲಿ ನಿಲ್ಸಿ ಹೂವ ಹಾಕಿದ್ರೆ ಗಂಡು ಹೆಣ್ಣು ಒಳಗೆ ಕೂತು ಫೋಟೋ ಹೊಡೆಸ್ಕೋತಾರೆ. ಸಖತ್ತಾಗಿರತ್ತೆ!" ಎಂದು ಹೇಳಿ ಹೋಗಿದ್ದರು. ಭಾವ ಅವತ್ತು ರಾತ್ರಿ ಊಟ ಮಾಡಲಿಲ್ಲ.

ಶುರುವಾಯಿತು ನೋಡಿ ರಿಪೇರಿ! ಮೆಕ್ಯಾನಿಕ್ಕಿಗೆ ತೋರಿಸಿ ಎಂದರೆ ಕೇಳುವ ಜನವೇ? "ಈಗಿನವ್ರು ಕಾರ್ಬುರೇಟರ್ ಅಂದ್ರೇನು ಅಂತ ನನ್ನೇ ಕೇಳ್ತಾರಪ್ಪ" ಎಂದು ತಾವೇ ಸ್ಪ್ಯಾನರ್ ಹಿಡಿದರು. ಮೊದಲ ವಾರ ಬೋಲ್ಟಿನ ಸುತ್ತ ಪಾತ್ರೆ ತೊಳೆಯುವ ಸೋಪು ಮೆತ್ತಿದರು. ಎಂಜಿನ್ ಬಿಸಿಯಾಯಿತು, ಸೋಪು ಕರಗಿತು, ನಾನು ಮೂಸಿದೆ.

"ಏನು ಬರ್ತಿದೆ?"

"ಪೆಟ್ರೋಲು, ಭಾವ. ಜೊತೆಗೆ ನಿಂಬೆಹಣ್ಣು."

ಮುಂದಿನ ವಾರ ಪ್ಲಂಬರುಗಳು ನಲ್ಲಿಗೆ ಸುತ್ತುವ ಬಿಳಿ ಟೇಪು ಸುತ್ತಿದರು. ಟೇಪಿನ ಚೂರು ಒಳಗೆ ಹೋಗಿ ಕಟ್ಟಿಕೊಂಡು ಕಾರು ಸಿಗ್ನಲ್ಲಿನಲ್ಲೇ ನಿಂತಿತು. ತಳ್ಳಿದವರು ಯಾರು? ಮೂಸಲು ಬಂದವನು! ಹಿಂದಿನ ಆಟೋದವನು "ಏನ್ ಅಂಕಲ್, ಮ್ಯೂಸಿಯಮ್ಮಿಗಾ?" ಎಂದು ಕೂಗಿದ. ಭಾವ ಕಿಟಕಿಯಿಂದ ತಲೆ ಹೊರಹಾಕಿ, "ಬಾಯಿ ಚೆನ್ನಾಗಿದೆ ಕಣಪ್ಪ, ಕೈನೂ ಹಾಕು" ಎಂದರು. ಪುಣ್ಯಾತ್ಮ ಇಳಿದು ಬಂದು ಕೈ ಹಾಕಿದ.

ಆಮೇಲಿನ ವಾರಗಳಲ್ಲಿ ಬೋಲ್ಟನ್ನು ಇನ್ನೂ ಇನ್ನೂ ಬಿಗಿ ಮಾಡಿದರು. ಮಾಡಿದಷ್ಟೂ ಸೋರಿತು. ಕೊನೆಗೆ ನಾನೇ ಸೋತು, ಬೇಗೂರಿನಲ್ಲಿ ಅಂಗಡಿ ಮುಚ್ಚಿ ಮನೆಯಲ್ಲಿದ್ದ ಮುದಿ ಮೆಕ್ಯಾನಿಕ್ ಒಬ್ಬರನ್ನು ಹುಡುಕಿದೆ. ಅವರು ವಾಷರನ್ನು ಉಗುರಿನಿಂದ ತಟ್ಟಿ ನೋಡಿ ನಕ್ಕರು. "ಬಿಗಿ ಮಾಡಿ ಮಾಡಿ ತಾಮ್ರ ಕಲ್ಲಾಗೋಗಿದೆ ಸಾರ್. ಕೆಂಪಗೆ ಕಾಯ್ಸಿ ನೀರಿಗೆ ಹಾಕಿ, ಮೆತ್ತಗಾಗ್ತದೆ. ಆಮೇಲೆ ಹದವಾಗಿ ತಿರುಪಿ, ಸಾಕು."

ಭಾವ ವಾಷರುಗಳನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಒಲೆಯ ಮೇಲೆ ಕಾಯಿಸಿ ಚೊಂಬಿನ ನೀರಿಗೆ ಬಿಟ್ಟರು. ಚುಂಯ್ ಎಂದಿತು. "ಸಾರಿಗೆ ಯಾರ್ರೀ ಒಗ್ಗರಣೆ ಹಾಕಿದ್ದು?" ಎಂದು ಅಕ್ಕ ಹಜಾರದಿಂದ ಕೂಗಿದಳು.

ಅದು ಯುಗಾದಿಯ ಹಿಂದಿನ ಭಾನುವಾರ. ಹತ್ತು ಗಂಟೆಗೆ ಅಂಜನಾಪುರದವರು ಬರುವವರಿದ್ದರು. ಭಾವ ವಾಷರು ಕೂರಿಸಿ, ಬೋಲ್ಟನ್ನು ಹದವಾಗಿ ತಿರುಪಿ, ಒದ್ದೆಯಾದರೆ ಗೊತ್ತಾಗಲೆಂದು ಸುತ್ತಲೂ ಪೌಡರ್ ಬಳಿದು ಎಂಜಿನ್ ಓಡಿಸಿದರು. ಅರ್ಧ ಗಂಟೆಯಾದರೂ ಪೌಡರಿನ ಮೇಲೆ ಒಂದು ಕಲೆಯಿಲ್ಲ! ನಾನು ಬಗ್ಗಿ ಮೂಸಿದೆ. ಭಾವ ನನ್ನ ಮುಖವನ್ನೇ ನೋಡುತ್ತ ಪಕ್ಕದಲ್ಲಿ ಬಗ್ಗಿದ್ದರು.

ವಾಸನೆ ಇತ್ತು. ಸುಳ್ಳು ಹೇಳೋಣವೆನ್ನಿಸಿತು, ಆದರೆ ಬೆಂಕಿಯ ಮಾತಲ್ಲವೇ?

"ಬರ್ತಿದೆ ಭಾವ."

ಅವರು ಎಂಜಿನ್ ನಿಲ್ಲಿಸಿ, ಮೆಟ್ಟಿಲ ಮೇಲೆ ಕುಸಿದು ಕೂತರು. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾನೆಟ್ಟಿನೊಳಗೆ ಬಗ್ಗಿ ಮೂಸಿದಳು. ಮತ್ತೊಮ್ಮೆ ಮೂಸಿದಳು. ಆಮೇಲೆ ಗಂಡನ ಹೆಗಲ ಹತ್ತಿರ ಬಗ್ಗಿ ಮೂಸಿದಳು.

"ಕಾರಿಂದಲ್ಲ ಕಣೋ. ಇವರಿಂದ ಬರ್ತಿರೋದು. ಇವರನ್ನ ಅಂಜನಾಪುರಕ್ಕೆ ಕಳಿಸಕ್ಕಾಗತ್ತಾ?"

ನಾನು ಜೋರಾಗಿ ನಕ್ಕೆ. ಭಾವ ನಗಲಿಲ್ಲ. ಅಂಗಿಯ ತೋಳನ್ನು ಮೂಗಿಗೆ ಒತ್ತಿಕೊಂಡು ಉಸಿರೆಳೆದರು. ಪಾಪ, ಏನು ತಿಳಿಯಬೇಕು!

"ಎಷ್ಟು ದಿನದಿಂದ ಹಿಂಗೆ?"

"ಎರಡು ವರ್ಷದಿಂದ. ಒಗೆದ್ರೂ ಹೋಗಲ್ಲ."

"ಸಂಜೆ ಟೀವಿ ಮುಂದೆ ಕೂತಾಗ್ಲೂ? ನಿಂಗೆ ಹೊಟ್ಟೆ ತೊಳಸ್ತಿರ್ಲಿಲ್ವೇನೇ?"

"ತೊಳಸ್ತಿತ್ತು."

"ಮತ್ತೆ ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ನೀವು ಎದ್ದು ಹೋಗಿ ದೂರ ಕೂತ್ಕೋತಿದ್ರಿ."

ಅಕ್ಕ ಕಾರಿನ ಬಾಗಿಲು ತೆಗೆದು, ಸೀರೆ ಸರಿಮಾಡಿಕೊಂಡು, ಮುಂದಿನ ಸೀಟಿನಲ್ಲಿ ಕೂತಳು.